ಇದ್ದಿಲು ತೊಳೆದದ್ದು

ಪೆಕಲೋಂಗಾನ್‌ನಲ್ಲಿ ನಮ್ಮ ಓಣಿಯ ಹಿಂದಿನ ಹೊಳೆ
ಸೋಮವಾರ ಕೆಂಪು, ಗುರುವಾರ ನೇರಳೆ.
ಹಬ್ಬ ಹತ್ತಿರವಾದರೆ ಬಾಟಿಕ್ ಅಂಗಡಿಯವರು
ಸೇತುವೆ ಮೇಲೆ ನಿಂತು ಬಗ್ಗಿ ನೋಡುತ್ತಾರೆ,
ಈ ವರ್ಷ ಯಾವ ಬಣ್ಣ ಓಡುತ್ತಿದೆಯೆಂದು.

ನಾನು ತುರಿನಾ. ಬಣ್ಣದ ತೊಟ್ಟಿಯಲ್ಲಿ ಮೂವತ್ತೊಂದು ವರ್ಷ.
ಉಗುರಿನ ಬುಡದ ನೀಲಿಗೆ ನನ್ನಷ್ಟೇ ವಯಸ್ಸು.
ಮೇಣ ಬಿಡಿಸಿದ ನೀರು, ಬಟ್ಟೆ ಅದ್ದಿ ಮಿಕ್ಕ ನೀರು
ಎಲ್ಲ ಚರಂಡಿಗೆ, ಚರಂಡಿ ಹೊಳೆಗೆ,
ಹೊಳೆ ಜಾವಾ ಸಮುದ್ರಕ್ಕೆ.
ದೊಡ್ಡವರ ಕೈಗೆ ಕೊಟ್ಟರೆ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆವು.
ಈಗ ಸಮುದ್ರವೇ ಉಬ್ಬರಕ್ಕೊಮ್ಮೆ ಓಣಿಯೊಳಗೆ ಬಂದು
ಹೊಸ್ತಿಲ ಮೇಲೆ ಅದೇ ಬಣ್ಣ ಇಟ್ಟು ಹೋಗುತ್ತದೆ,
ಸಾಲ ಹಿಂತಿರುಗಿಸುವ ಮರ್ಯಾದಸ್ಥನ ಹಾಗೆ.

ತಮ್ಮನ ಮಗಳು ವಿಜಿಲ್ ಕಾಲೇಜಿನಿಂದ ಚೀಟಿ ತಂದಳು.
ಸೆಂಗೋನ್ ಮರದ ಹೊಟ್ಟು ಬೇಕಂತೆ.
ಹಣ್ಣಿನ ಪೆಟ್ಟಿಗೆ ಮಾಡುವ ದರ್ಕೊ ಪುಕ್ಕಟೆ ಕೊಟ್ಟ,
ಮೇಲೆ ಎರಡು ಚೀಲ ಬೇಡವೆಂದರೂ ಹೊರಿಸಿದ.
ತೆಂಪೆಗೆ ಕಾಳು ನೆನೆಹಾಕುವಂತೆ
ಒಂದು ರಾತ್ರಿ ಆಮ್ಲದಲ್ಲಿ ನೆನೆಹಾಕಿದೆವು.
ಎಣ್ಣೆ ಪೀಪಾಯಿಗೆ ತುಂಬಿ, ಸಂದಿಗೆ ಮಣ್ಣು ಮೆತ್ತಿ
ಹೊರಗಿನಿಂದ ಬೆಂಕಿ.
ಗಾಳಿ ಸಿಕ್ಕರೆ ಬೂದಿ, ಸಿಗದಿದ್ದರೆ ಇದ್ದಿಲು.
ಮನುಷ್ಯರಲ್ಲೂ ಈ ಎರಡು ಜಾತಿ ನೋಡಿದ್ದೇನೆ.

ಮೊದಲ ಸಲ ಬೂದಿಯೇ ಆಯಿತು.
ಎರಡನೆಯ ಸಲ ಮುಚ್ಚಳ ಹಾರಿ
ನೆರೆಮನೆಯ ಕೋಳಿ ಮೂರು ದಿನ ಮೊಟ್ಟೆಯಿಡಲಿಲ್ಲ.
ಮೂರನೆಯದು ಕಪ್ಪಗೆ, ಹಗುರವಾಗಿ,
ಬೆರಳ ನಡುವೆ ಉಸಿರಾಡುವಂತೆ ಬಂತು.

‘ತೊಳಿ ಅತ್ತೆ’ ಅಂದಳು. ತೊಳೆದೆ.
ಇದ್ದಿಲು ತೊಳೆದರೆ ಮಸಿ ಹೋದೀತೇ ಅಂತ ಗಾದೆ.
ಗಾದೆ ಕಟ್ಟಿದವನು ಒಂಬತ್ತನೆಯ ಬಕೆಟ್ಟಿನವರೆಗೆ ಕೂತಿರಲಿಲ್ಲ.
ಹುಳಿ ಎಷ್ಟು ಉಳಿದಿದೆಯೆಂದು ಅವಳ ಕಾಗದದ ಪಟ್ಟಿ ಹೇಳುತ್ತಿತ್ತು:
ಕೆಂಪು, ಕಿತ್ತಳೆ, ಹಳದಿ,
ರಟ್ಟೆ ಬಿದ್ದುಹೋಗುವ ಹೊತ್ತಿಗೆ ಪಾಚಿ ಹಸಿರು.
ಇದ್ದಿಲು ಕಪ್ಪಗೇ ಇತ್ತು.
ನೀರು ಮಾತ್ರ ಕಪ್ಪಾಗುವುದನ್ನು ಬಿಟ್ಟಿತ್ತು.

ಡಬ್ಬಿಯ ತಳದಲ್ಲಿ ಜಲ್ಲಿ, ಮರಳು, ಅದರ ಮೇಲೆ ಇದು.
ಸುರಿದೆವು ಆ ದಿನದ ಕೆಂಪನ್ನು,
ಕೋಳಿ ಕೊಯ್ದ ಕಟ್ಟೆಯ ಕೆಂಪು.
ಸಂಜೆಯ ಬಾಂಗಿನ ಹೊತ್ತಿಗೆ ಕೆಳಗೆ
ಗಾಜಿನ ಲೋಟದಾಚೆ ವಿಜಿಲ್‌ಳ ಮೂಗುತಿ ಕಂಡಿತು.

ಬಣ್ಣ ಎಲ್ಲಿಗೆ ಹೋಯಿತೇ?
‘ಎಲ್ಲಿಗೂ ಇಲ್ಲ. ಒಳಗೇ ಇದೆ.
ಈ ಹುಡಿಯಲ್ಲಿ ಕಣ್ಣಿಗೆ ಕಾಣದ ಓಣಿಗಳಿವೆ ಅತ್ತೆ,
ಒಂದು ಚಮಚ ಬಿಡಿಸಿ ಹಾಸಿದರೆ ಮಸೀದಿಯ ಅಂಗಳ ಸಾಲದು.
ಒಂದೊಂದೇ ಓಣಿ ಹೊಕ್ಕು ಗೋಡೆಗೆ ಒರಗಿ ಕೂತಿದೆ.’
ಹಸಿ ಮರವಾಗಿದ್ದಾಗ ನೀರು ಹತ್ತಿದ ದಾರಿ.
ಸುಟ್ಟ ಮೇಲೂ ಬಾಗಿಲು ಹಾಕಿಕೊಂಡಿಲ್ಲ.

ಪರಿಸರ ಕಚೇರಿಯವನೊಬ್ಬ ಬಂದ.
‘ಕುಡಿಯುತ್ತೀರಾ ಇದನ್ನ?’ ಅಂತ ನಕ್ಕ.
ಒಳಗಿಂದ ನಮಾಜಿನ ಬಿಳಿ ಮುಕೆನಾ ತಂದೆ, ಅಮ್ಮ ಹೊಲಿದದ್ದು.
ಅದ್ದಿದೆ, ಹಿಂಡಿದೆ, ಒಣಹಾಕಿದೆ.
ಒಣಗುವವರೆಗೆ ಅವನನ್ನು ಏಳಗೊಡಲಿಲ್ಲ.
ಮೂರು ಲೋಟ ಚಹಾ ಮುಗಿಯಿತು.
ಬಿಳಿ ಬಿಳಿಯಾಗಿಯೇ ಇತ್ತು,
ಒಂದು ಮೂಲೆಯಲ್ಲಿ ಹುಬ್ಬಿನ ಕೂದಲಷ್ಟು ಬೂದು.
ಅವನಿಗೆ ಕಾಣಲಿಲ್ಲ.
ನಾನೇ ತೋರಿಸಿದೆ.

ಇದ್ದಿಲಿಗೂ ಹೊಟ್ಟೆ ತುಂಬುತ್ತದೆ.
ಹನ್ನೊಂದು ಮೂಟೆ ಹಿತ್ತಿಲಲ್ಲಿವೆ;
ಸುಟ್ಟರೆ ಹೊಗೆ, ಹೂತರೆ ಬಾವಿ,
ಏನು ಮಾಡುವುದೋ ವಿಜಿಲ್‌ಗೂ ಸರಿಯಾಗಿ ಗೊತ್ತಿಲ್ಲ, ಓದುತ್ತಿದ್ದಾಳೆ.
ಹೊಳೆ ಇವತ್ತು ಬೆಳಿಗ್ಗೆ ಹಸಿರು.
ಅದು ನಮ್ಮದಲ್ಲ. ಅಷ್ಟು ಹೇಳಬಲ್ಲೆ.

ಉಬ್ಬರವಿರುವ ರಾತ್ರಿ ಎದ್ದು
ನಿದ್ದೆಯ ಮಕ್ಕಳನ್ನು ಅಟ್ಟಕ್ಕೇರಿಸುವ ಹಾಗೆ
ಎರಡು ಹಬ್ಬದ ಬಣ್ಣ ನುಂಗಿ ಕಪ್ಪಗೆ ಕೂತ ಅವನ್ನು
ಒಂದೊಂದಾಗಿ ಅಪ್ಪಿ
ಇನ್ನೊಂದು ಇಟ್ಟಿಗೆಯಷ್ಟು ಮೇಲಿಡುತ್ತೇನೆ.