ಆರು ಸೆಂಟಿಮೀಟರ್ ಚೌಕ

ಇಪ್ಪತ್ತೆರಡು ವರ್ಷ ಕಂಕನಾಡಿಯ ಆಸ್ಪತ್ರೆಯಲ್ಲಿ
ಎಲುಬುಗಳ ಫೋಟೊ ತೆಗೆದವಳು ನಾನು.
"ಉಸಿರು ಹಿಡೀರಿ, ಅಲುಗಬೇಡಿ, ಹಾಂ, ಬಿಡಿ"
ಇಷ್ಟೇ ನನ್ನ ಮಾತುಗಾರಿಕೆ.
ಡಾರ್ಕ್‌ರೂಮಿಗೆ ಬೀಗ ಬಿದ್ದು ಎಲ್ಲ ಕಂಪ್ಯೂಟರಿಗೆ ಹೋದ ವರ್ಷ
ಫಿಕ್ಸರಿನ ಹುಳಿ ವಾಸನೆಯಿಲ್ಲದ ಕೈಯನ್ನು ಮೂಸಿ ನೋಡಿ
ಇದು ಯಾರದಪ್ಪ ಅಂದುಕೊಂಡೆ.
ಆಮೇಲೆ ಒಂದು ಆಸೆ: ಒಮ್ಮೆ ಚರ್ಮವನ್ನೂ ತೆಗೆಯಬೇಕು.

ಫಳ್ನೀರಿನ ಇಳಿಜಾರಿನಲ್ಲಿ ಕುಟಿನ್ಹಾರ ಅಂಗಡಿ.
ಮೇಜಿನ ಮೇಲೆ ನಾಲ್ಕು ಪೆಟ್ಟಿಗೆ.
ಹ್ಯಾಸಲ್‌ಬ್ಲಾಡ್: "ಇದರ ಕ್ರಯಕ್ಕೆ ಒಂದು ಹಳೆ ರಿಕ್ಷಾ ಬರ್ತದೆ,
ರಿಕ್ಷಾ ಬಾಡಿಗೆಯಾದರೂ ತರ್ತದೆ."
ಮಮಿಯಾ: ಎತ್ತಿದೆ, ಒಂದು ಅಂಜಲಿನ ತೂಕ.
ಕುತ್ತಿಗೆಗೆ ನೇತುಹಾಕಿದರೆ ನಾಳೆ ನನ್ನದೇ ಎಕ್ಸ್‌ರೇ.
ಯಾಶಿಕಾ: ಎರಡು ಕಣ್ಣು, ಹಗುರ, ಪಾಪದ್ದು,
ಆದರೆ ಲೆನ್ಸ್ ಬದಲಿಸುವಂತಿಲ್ಲ. ಕಟ್ಟಿಕೊಂಡರೆ ಕಟ್ಟಿಕೊಂಡ ಹಾಗೆ.
ಉಳಿದದ್ದು ಬ್ರೋನಿಕಾ. ಬೆನ್ನು ಕಳಚಿ ಇನ್ನೊಂದು ಬೆನ್ನು ಹಾಕಬಹುದು;
ನಮ್ಮ ವಾರ್ಡಿನಲ್ಲಿ ಎಷ್ಟು ಜನ ಕೇಳಿದ್ದರು ಅದನ್ನೇ.

ಅದಕ್ಕೆ ಎರಡು ಲೆನ್ಸ್ ಇತ್ತು. ಕೈಗೆ ಟಾರ್ಚ್ ಕೊಟ್ಟರು:
"ಬಂಗುಡೆ ತಗೊಳ್ಳುವಾಗ ಕಣ್ಣು ನೋಡ್ತೀರಲ್ಲ, ಇದೂ ಹಾಗೆ.
ಮಂಜಾದರೆ ಬಿಟ್ಟುಬಿಡಿ ಮಾರಾಯ್ರೆ."
ಮೊದಲನೆಯದರಲ್ಲಿ ಎಷ್ಟೋ ಆಟಿ ತಿಂಗಳು ಬೂಸ್ಟು ಕಟ್ಟಿ ಕೂತಿತ್ತು,
ಜೇಡನ ಕಾಲಿಗಿಂತ ಸಪೂರ ಬೇರು ಬಿಟ್ಟು.
ಎರಡನೆಯದು ಆಗಷ್ಟೇ ಬಲೆಯಿಂದ ಬಿಡಿಸಿದ ಹಾಗೆ.
ಅಂದಿನಿಂದ ಅದು ಮಲಗುವುದು ಬಿಸ್ಕತ್ತಿನ ಡಬ್ಬಿಯಲ್ಲಿ,
ಹುರಿದ ಅಕ್ಕಿಯ ಗಂಟಿನ ಜೊತೆ.

ಒಂದು ರೋಲಿಗೆ ಹನ್ನೆರಡು.
ದಿನಕ್ಕೆ ಎಂಬತ್ತು ಎದೆಗೂಡು ತೆಗೆದವಳಿಗೆ
ಹನ್ನೆರಡೆಂದರೆ ಎಷ್ಟೆಂದು ಗೊತ್ತೇ ಇರಲಿಲ್ಲ.

ದಕ್ಕೆ, ಬೆಳಗ್ಗೆ ಆರೂವರೆ.
ಬೆಳಕು ಅಳೆದು, ಕಪ್ಪು ತಗಡು ಎಳೆದು
(ಎಳೆಯದಿದ್ದರೆ ಗುಂಡಿ ಜಪ್ಪಯ್ಯ ಅಂದರೂ ಒಪ್ಪದು)
ಹೊಟ್ಟೆಗಾನಿಸಿ ಹಿಡಿದು, ತಲೆ ತಗ್ಗಿಸಿ, ಗಾಜಿನೊಳಗೆ ನೋಡಿದೆ.
ಎಡ ಬಲವಾಗಿತ್ತು, ಬಲ ಎಡ.
ಬೆಂಗ್ರೆಗೆ ಹೊರಟ ದೋಣಿ ಬೆಂಗ್ರೆಯಿಂದ ಬರುತ್ತಿತ್ತು.
ಕ್ಲಿಕ್ ಅಂದದ್ದೇ ಕತ್ತಲು;
ಹಿಡಿಕೆ ತಿರುಗಿಸುವ ತನಕ ಲೋಕವಿಲ್ಲ.

"ಏರೆಗ್ ತರೆ ತಗ್ಗಾವುನಿ?" ಕೇಳಿದರು ಅಪ್ಪಿಯಕ್ಕ,
ಯಾರಿಗೆ ತಲೆ ಬಾಗಿಸುವುದು ಅಂತ.
ನಿಮಗೇ, ಎಂದೆ. ನಕ್ಕರು.
ಆ ನಗು ಬಂದದ್ದು ಕತ್ತಲಿನಲ್ಲಿ; ನಾನು ಕೇಳಿದೆ, ಕಾಣಲಿಲ್ಲ.
ಅಭ್ಯಾಸಬಲ, "ಉಸಿರು ಹಿಡೀರಿ" ಎಂದುಬಿಟ್ಟೆ.
"ಮೀನು ಕೊಯ್ಯುವಾಗ ಉಸಿರು ಹಿಡಿದರೆ ಬೆರಳು ಹೋದೀತು."

ಡೆವಲಪರಿಗೆ ಇಪ್ಪತ್ತು ಡಿಗ್ರಿ ಬೇಕು,
ನಮ್ಮ ನಳ್ಳಿ ನೀರು ಮೂವತ್ತೊಂದು.
ಐಸ್ ಪ್ಲಾಂಟಿನ ಇದಿನಬ್ಬ ಬಕೆಟ್ಟಿಗೆ ತುಂಬಿಸುತ್ತ ಕೇಳಿದ,
"ಎಷ್ಟು ಮೀನು ಉಂಟು?"
ಹನ್ನೆರಡು, ಎಂದೆ.

ಬಚ್ಚಲಿನ ಸರಿಗೆಯಲ್ಲಿ ಅವು ನೇತಾಡಿದವು,
ಆಕಾಶ ಕಪ್ಪು, ದೋಣಿಯ ನೆರಳು ಬಿಳಿ.

ಪ್ರಿಂಟಿನಲ್ಲಿ ಅಪ್ಪಿಯಕ್ಕನ ಚೂರಿ ಎಡಗೈಯಲ್ಲಿತ್ತು.
ಫಿಲ್ಮ್ ಮಗುಚಿ ಹಾಕಿದೆನೋ ಎಂದು ನೋಡಿದರೆ
ಹಿಂದಿನ ದೋಣಿಯ ನಂಬರು ನೆಟ್ಟಗೆ ನಿಂತಿದೆ.
ಪ್ರತಿ ಎಲುಬಿನ ಪಕ್ಕ ಸೀಸದ ಅಕ್ಷರ ಇಟ್ಟು
ಇದು ಎಡ, ಇದು ಬಲ ಎಂದವಳು,
ಒಂದು ಸಲವೂ ತಪ್ಪದವಳು,
ಅರ್ಧ ಗಂಟೆ ಎದುರಿದ್ದ ಕೈಯನ್ನು ಗಾಜು ಹೇಳಿದಂತೆ ನಂಬಿದ್ದೆ.

"ಹುಡುಗಿ ನೋಡಲು ಬಂದ ದಿನ
ಈ ಕೈಯನ್ನು ಸೆರಗಿನಡಿ ಇಟ್ಟುಕೋ ಅಂದಿದ್ದಳು ಅಮ್ಮ,"
ಎಂದರು ಅಪ್ಪಿಯಕ್ಕ, ಫೋಟೊದಿಂದ ಕಣ್ಣೆತ್ತದೆ.
ಕೈಯನ್ನು ಸೀರೆಗೆ ಒರೆಸಿ, ಅದೇ ಕೈಯಲ್ಲಿ ಹಿಡಿದರು.
ಬಿಳಿ ಅಂಚಿಗೆ ಒಂದು ಹುರುಪೆ ಅಂಟಿಕೊಂಡಿತು.
ತೆಗೆಯಲು ಹೋದರು.
ಬೇಡ, ಎಂದೆ, ಅಲುಗಬೇಡಿ.