ಪಟ್ಟಿಯಲ್ಲಿಲ್ಲದ್ದು

ಕಾರಡ್ಕದ ಕಾಡಿನಲ್ಲಿ ಈ ವರ್ಷ
ಅಕೇಶಿಯಾ ಕೀಳುವ ಕೆಲಸ.
ನೆಟ್ಟದ್ದೂ ಇಲಾಖೆ, ಕೀಳುವುದೂ ಇಲಾಖೆ.
ಗುಂಡಿ ತೋಡಿದ್ದಕ್ಕೆ ಅಪ್ಪನಿಗೆ ಕೂಲಿ ಸಿಕ್ಕಿತ್ತು,
ಬುಡ ಎಣಿಸಿದ್ದಕ್ಕೆ ನನಗೆ.

ನರ್ಸರಿಗೆ ಬೀಜ ಬೇಕು.
ಮಲಯಾಳದಲ್ಲಿ ಅಚ್ಚಾದ ಪಟ್ಟಿ ಹಿಡಿದು
ಮತ್ತಡಿಯ ಜಗಲಿಗೆ ಹೋದೆ.
ಒಂದೊಂದೇ ಹೆಸರು ಓದಿದೆ. ಅವಳು
ತುಳುವಿಗೆ ತಿರುಗಿಸಿ, ಅಲ್ಲಿಂದ
ಇನ್ನೂ ಒಳಗಿನ ಯಾವುದೋ ಮಾತಿಗೆ ತಿರುಗಿಸಿ
ತಲೆಯಾಡಿಸಿದಳು:
ಹೆಬ್ಬಲಸು, ಕಿರಾಲುಬೋಗಿ, ಕಾಟುಮಾವು...
"ಉಂಟು. ನೋಡುವ."

ಮೂರನೆಯ ದಿನ ಬಂದಳು,
ಅಕ್ಕಿಯ ಪ್ಲಾಸ್ಟಿಕ್ ಚೀಲದಲ್ಲಿ ಬೀಜ.
"ಬುಟ್ಟಿ ಎಲ್ಲಿ?" ಎಂದೆ, ತಮಾಷೆಗೆ.
"ಬಳ್ಳಿ ಎಲ್ಲಿ?" ಎಂದಳು, ತಮಾಷೆಗಲ್ಲ.
ಅಕೇಶಿಯಾದ ಅಡಿಯಲ್ಲಿ ಏನೂ ಹಬ್ಬುವುದಿಲ್ಲವಂತೆ.
ಹನ್ನೆರಡು ವರ್ಷವಾಯಿತಂತೆ
ಕೈ ಸುಮ್ಮನೆ ಮಡಿಲಲ್ಲಿ ಕೂತು.

ಪಟ್ಟಿಯನ್ನು ಮತ್ತೆ ನೋಡಿದೆ.
ಇಪ್ಪತ್ತೆಂಟು ಜಾತಿ, ಎಲ್ಲ ಮರಗಳೇ.
ಬಳ್ಳಿಗೆ ಅಂಕಣವಿಲ್ಲ;
ಗಾರ್ಡ್ ರಾಘವನಿಗೆ ಅದು ಕಳೆ,
ಕತ್ತಿಯಲ್ಲಿ ಸವರಿಬಿಡುತ್ತಾನೆ.

ಸಂಜೆ ಎಲ್ಲರೂ ಹೋದ ಮೇಲೆ
ಸೆರಗಿನ ಗಂಟು ಬಿಚ್ಚಿದಳು.
ಅಂಗೈಯಲ್ಲಿ ಸಾಸಿವೆಗಿಂತ ತುಸು ದಪ್ಪದ ಏನೋ.
ಸಾಲು ಸಾಲು ತೊಟ್ಟೆಗಳ ಮಣ್ಣಿಗೆ
ಮಾವಿನ ಪಕ್ಕ ಒಂದು, ಹೆಬ್ಬಲಸಿನ ಪಕ್ಕ ಒಂದು
ಹೆಬ್ಬೆರಳಿನಿಂದ ಒತ್ತುತ್ತಾ ಹೋದಳು.

ತುಳುವಿನ ಬೂರು ಬಿಟ್ಟು
ನನಗೆಂದು ಕನ್ನಡದಲ್ಲಿ ಕೇಳಿದಳು:
"ಹಂಬು ಇಲ್ಲದ ಮರಕ್ಕೆ
ಹಂಬಲ ಎಂತದು?"

ನಾನು ಲೆಕ್ಕದ ಪುಸ್ತಕ ತೆರೆದೆ.
ಸಸಿಗಳು: ನಾಲ್ಕು ಸಾವಿರದ ಇನ್ನೂರು.
ಕೆಳಗೆ ಗೆರೆ ಎಳೆಯುವಾಗ
ಪೆನ್ನು ಸ್ವಲ್ಪ ಬಾಗಿ ಅಂಚಿನ ಕಡೆ ಹೊರಟಿತು.
ಹೋಗಲಿ ಎಂದು ಬಿಟ್ಟೆ.