ಲಾಭ, ಎರಡು, ಮೂರು

ಪಾಲೋಲೆಂ ದಂಡೆ. ದೋಣಿಗೆ ಎಂಟು ಜನ,
ಮೂರು ಕಡೆ ನೀರಿಗಿಳಿಸುತ್ತಾರೆ, ಇಪ್ಪತ್ತಿಪ್ಪತ್ತು ನಿಮಿಷ.
ಹಾಳೆಯಲ್ಲಿ ನನ್ನ ಹೆಸರು, ಕೆಳಗೆ ಅಕ್ಕನದು.
ಮೊಣಕಾಲುದ್ದ ನೀರಲ್ಲಿ ಸೀರೆ ಎತ್ತಿ ಹಿಡಿದು
ಒಂದು ಕಾಲನ್ನು ದೋಣಿಯಂಚಿಗಿಟ್ಟವಳು
ಹಾಗೇ ತೆಗೆದಳು.
"ನೀ ಹೋಗ. ನನಗ ಇಲ್ಲಿಂದನ ಕಾಣ್ತದ."

ಏಸಿ ಎಷ್ಟಕ್ಕಿಡಬೇಕು ಎಂದು ರಾತ್ರಿ ಶುರುವಾದ ಜಗಳ
ಬೆಳಗಾಗುವಷ್ಟರಲ್ಲಿ ಮೂವತ್ತು ವರ್ಷ ಹಿಂದಕ್ಕೆ ಹೋಗಿ
ಯಾರ ಮದುವೆಗೆ ಯಾರು ಬರಲಿಲ್ಲ ಎಂಬಲ್ಲಿ
ಲಂಗರು ಹಾಕಿತ್ತು.

ಸೂರತ್ತಿನ ಹೊಸ ಜೋಡಿ,
ನಾಶಿಕದ ಅಣ್ಣ ತಮ್ಮ,
ಬಿಸಿಲಿಗೆ ಕೆಂಪೇರಿದ ಪೋಲೆಂಡಿನ ಮೇಷ್ಟ್ರು, ಅವರ ಮಗಳು,
ಪಕ್ಕದ ಹಲಗೆ ಖಾಲಿಯಿದ್ದ ನಾನು.
ಡಾಲ್ಫಿನ್ ಎಂದು ಎಲ್ಲರೂ ಕೂಗಿದರು.
ತಿರುಗುವಷ್ಟರಲ್ಲಿ ನನಗೆ ಕಂಡದ್ದು
ನೀರು ತನ್ನನ್ನು ತಾನು ಮುಚ್ಚಿಕೊಳ್ಳುವುದು ಮಾತ್ರ.

ಮೂತಿಯಲ್ಲಿ ಕೂತ ಹುಡುಗ, ಫಕೀ ಅಂತೆ,
ಚುಕ್ಕಾಣಿಯ ಕಾಯ್ತಾನನ ಜೊತೆ ಕೊಂಕಣಿ,
ನಾಶಿಕದವರಿಗೆ ಹಿಂದಿ,
ಮೇಷ್ಟ್ರಿಗೆ "ಜಂಪ್ ಮಿಸ್ಟರ್, ನೋ ಶಾರ್ಕ್."

ಮೊದಲನೇ ಕಡೆ ನಾನಿಳಿಯಲಿಲ್ಲ.
ಎರಡನೆಯದು ಚಿಟ್ಟೆಯ ಹೆಸರಿನ ದಂಡೆ.
ಚಿಟ್ಟೆ ಒಂದೂ ಇರಲಿಲ್ಲ.
ಕಿತ್ತಳೆ ಜಾಕೀಟಿನ ಮೂರೂ ಗುಂಡಿ ಹಾಕಿ, ಮತ್ತೆ ಮುಟ್ಟಿ ನೋಡಿ,
ಏಣಿಯ ಕೊನೆಯ ಮೆಟ್ಟಿಲನ್ನು
ಹೆಬ್ಬೆರಳಿಂದ ಬಿಟ್ಟೆ.
ಐವತ್ತೆರಡು ವರ್ಷ ನೆಲ ಬಿಟ್ಟಿರದ ಕಾಲು
ಕೆಳಗೆಲ್ಲೋ ನೆಲ ತಡಕಿತು, ಸಿಗಲಿಲ್ಲ,
ತಡಕುವುದನ್ನೂ ಬಿಟ್ಟಿತು.
ಚೂಡಿದಾರ ಬಲೂನಿನಂತೆ ಉಬ್ಬಿ
ನನ್ನ ಭಾರವನ್ನು ಯಾರೋ ಅಂಗಡಿಯವನು
ತಕ್ಕಡಿಯಿಂದ ಇಳಿಸಿಟ್ಟ ಹಾಗಾಯಿತು.

ಸೀಟಿ. ಹುಡುಗ ಅಂಚಿನ ಮೇಲೆ ನಿಂತು
ತೇಲುವ ತಲೆಗಳತ್ತ ಬೆರಳು ನೀಡಿ
ತುಟಿಯೊಳಗೇ ಎಣಿಸತೊಡಗಿದ:
ಲಾಭ, ಎರಡು, ಮೂರು...

ಲಾಭ!
ಕಣದಲ್ಲಿ ರಾಶಿ ಅಳೆಯುವಾಗ
ನಮ್ಮ ಕಡೆ ಯಾರೂ ಒಂದು ಎನ್ನುವುದಿಲ್ಲ.
ಅರಬ್ಬಿಯ ನೀರಿನ ನಡುವೆ, ಮೂರು ಭಾಷೆಗಳ ಕೆಳಗಿಂದ
ನನ್ನಪ್ಪನ ಸೇರು ತೇಲಿ ಬಂದಿತ್ತು.
ನಾನು ನಾಲ್ಕನೆಯವಳು.

ಏಳಕ್ಕೆ ನಿಂತ.
ಹಾಳೆ ನೋಡಿದ. ಮತ್ತೆ ಲಾಭದಿಂದ.
ಏಳು.
ದೋಣಿಯ ಆಚೆ ಮಗ್ಗುಲಿಗೆ ಓಡಿ ಬಗ್ಗಿದ.
"ಏಳು," ಎಂದ, ಈ ಸಲ ಜೋರಾಗಿ, ನೀರಿಗೆ,
ಎಣಿಕೆಯ ಹಾಗಲ್ಲ,
ಮಲಗಿದ ಯಾರನ್ನೋ ಎಬ್ಬಿಸುವ ಹಾಗೆ.

ನಾನು ಹೇಳಬಹುದಿತ್ತು.
ಹಗ್ಗ ಹಿಡಿದು ಸುಮ್ಮನೆ ತೇಲಿದೆ.
ಹುಡುಕಲಿ, ಅನ್ನಿಸಿತು.
ಅವಳನ್ನು ಒಬ್ಬರಾದರೂ ಗಾಬರಿಯಿಂದ ಹುಡುಕಲಿ.
ಅಥವಾ ಅವಳು ಇಲ್ಲದಿರುವುದು ಹೇಗಿರುತ್ತದೆಂದು
ಒಂದು ಉಸಿರಿನಷ್ಟು ನೋಡುವ ಆಸೆಯೋ.
ಇವತ್ತಿಗೂ ತಿಳಿಯದು.

ಧುಮುಕಿಯೇಬಿಟ್ಟ, ಜಾಕೀಟಿಲ್ಲದೆ.
ಮೇಲೆ ಬಂದಾಗ ಕಣ್ಣು ಕೆಂಪು, ಬಾಯಲ್ಲಿ ಉಪ್ಪು.
ಆಗ ಹೇಳಿದೆ:
"ತಮ್ಮಾ, ಅಕಿ ಹತ್ತಲೇ ಇಲ್ಲ. ದಂಡಿ ಮ್ಯಾಲ ಅದಾಳ."

ಕನ್ನಡಕ್ಕೆ ಬೆಚ್ಚಿದನೋ, ಮಾತಿಗೋ.
ಹಗ್ಗದ ಇನ್ನೊಂದು ತುದಿ ಹಿಡಿದು ದಣಿವಾರಿಸಿಕೊಂಡ.
"ಮೊದಲ ಹೇಳಬಾರದೇನ್ರಿ ಅಕ್ಕಾರ.
ಹೋದ ವರ್ಷ ಒಮ್ಮೆ..."
ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ.
ಯಾವೂರು ಎಂದಾಗ ಮಾತ್ರ
"ಶಿರಹಟ್ಟಿ ಹತ್ರ. ಫಕೀರೇಶ," ಎಂದು
ಪೂರಾ ಹೆಸರು ಕೊಟ್ಟ.

ಮೂರನೇ ಕಡೆ ಇಳಿದವರು ಯಾರೋ, ನೆನಪಿಲ್ಲ.

ತಿರುಗಿ ಬಂದಾಗ ಅಲೆಯ ಗೆರೆಯಲ್ಲಿ ಅಕ್ಕ,
ಎರಡೂ ಜೋಡಿ ಚಪ್ಪಲಿ ಕೈಯಲ್ಲಿ ಹಿಡಿದು,
ಬಿಸಿಲಿಗೆ ಕಣ್ಣು ಕಿರಿದು ಮಾಡಿ,
ನಾಲ್ಕು ತಾಸಿನಿಂದ ಅಲ್ಲೇ ನಿಂತವಳಂತೆ.
ಹುಡುಗ ಹಗ್ಗ ಕಟ್ಟುವ ಮೊದಲು
ಅವಳತ್ತ ಬೆರಳು ನೀಡಿ ಮೆಲ್ಲಗೆ
"ಎಂಟು" ಎಂದ.

"ಏನಂದ ಆ ಹುಡುಗ?" ಅಕ್ಕ ಕೇಳಿದಳು,
ರಾತ್ರಿಯ ನಂತರದ ಮೊದಲ ಮಾತು.
"ಏನಿಲ್ಲ," ಅಂದೆ, ನನ್ನ ಚಪ್ಪಲಿ ಇಸಿದುಕೊಳ್ಳುತ್ತ,
"ರಾಶಿ ಅಳೀತಿದ್ದ."